ಗೀಸರ್ ನೀರು ಕಾಯಿಸುತ್ತಿಲ್ಲ: ವೋಲ್ಟ್ ಮತ್ತು ಆಂಪಿಯರ್ ಅಳೆದು ದೋಷ ಹಿಡಿಯುವ ಕ್ರಮ

ಗೀಸರ್‌ನಲ್ಲಿ ನೀರು ಸರಿಯಾಗಿ ಕಾಯುತ್ತಿಲ್ಲ ಎಂದರೆ ನಮ್ಮ ಚಿಕ್ಕಮಗಳೂರು ಕಡೆ ಮೊದಲು ಬದಲಾಗುವುದು ಕಾಯಿಲ್. ಆಮೇಲೂ ಕಾಯದಿದ್ದರೆ, ನೀರಿನ ಬಿಸಿ ನೋಡಿ ಕರೆಂಟ್ ಕತ್ತರಿಸುವ ಥರ್ಮೋಸ್ಟಾಟ್. ಅದೂ ಆದ ಮೇಲೆ ಗೀಸರ್ ತಯಾರಿಸಿದವರಿಗೆ ಬೈಗುಳ. ಹಾಗೆ ಬಿಚ್ಚಿ ಮೂಲೆಗೆ ಎಸೆದ ಕಾಯಿಲ್‌ಗಳನ್ನು ಎತ್ತಿ ಅಳೆದು ನೋಡಿದರೆ ಎಷ್ಟೋ ಕಾಯಿಲ್‌ಗಳಲ್ಲಿ ಏನೂ ದೋಷವಿರುವುದಿಲ್ಲ. ಅಳೆಯದೆ ಬದಲಿಸುವುದು ರಿಪೇರಿಯಲ್ಲ, ಬಿಡಿಭಾಗದ ವ್ಯಾಪಾರ.

ಬೇಕಾಗಿರುವುದು ಎರಡು ಅಳತೆ: ಗೀಸರ್ ಉರಿಯುತ್ತಿರುವಾಗ ಅದಕ್ಕೆ ಎಷ್ಟು ವೋಲ್ಟ್ ಸಿಗುತ್ತಿದೆ, ಅದೇ ಕ್ಷಣದಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅಂದರೆ ಓಮ್. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಮೊದಲನೆಯ ಸಂಬಂಧವನ್ನು ಹತ್ತನೇ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದನ್ನು ಗೀಸರ್ ಮುಂದೆ ನಿಂತು ಹೇಗೆ ಓದಬೇಕು ಎನ್ನುವುದು ಮಾತ್ರ ಪಾಠದಲ್ಲಿ ಬರುವುದಿಲ್ಲ. ಓಮ್ ಎಂಬುದು ಉಪಕರಣದ ಗುಣ. ಅದು ಬದಲಾಗಿದ್ದರೆ ಉಪಕರಣ ಕೆಟ್ಟಿದೆ. ಓಮ್ ಸರಿಯಿದ್ದು ವ್ಯಾಟ್ ಮಾತ್ರ ಕಡಿಮೆಯಾಗಿದ್ದರೆ ಉಪಕರಣದ ತಪ್ಪಿಲ್ಲ. ಅದಕ್ಕೆ ಸಿಗಬೇಕಾದ ವೋಲ್ಟೇಜ್ ಸಿಗುತ್ತಿಲ್ಲ. ಹುಡುಕಬೇಕಾದ್ದು ಗೋಡೆಯ ಆಚೆ.

ಸರಿಯಾಗಿದ್ದರೆ ಎಷ್ಟಿರಬೇಕು

ಗೀಸರ್‌ನ ಮೈಮೇಲೆ ಅಂಟಿಸಿದ ಚೀಟಿ ಓದಿ. 2000 ವ್ಯಾಟ್, 230 ವೋಲ್ಟ್ ಎಂದಿದ್ದರೆ ಆಂಪಿಯರ್ 8.7, ರೋಧ 26.5 ಓಮ್. ರೋಧವನ್ನು ನೇರವಾಗಿ ಪಡೆಯಬೇಕಾದರೆ ವೋಲ್ಟಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿ: 230ರ ವರ್ಗ 52,900, ಅದನ್ನು 2000ದಿಂದ ಭಾಗಿಸಿದರೆ 26.45. ಕ್ಷಣದಲ್ಲಿ ನೀರು ಕಾಯಿಸುವ 3000 ವ್ಯಾಟ್‌ನ ಸಣ್ಣ ಗೀಸರ್‌ಗೆ 13 ಆಂಪಿಯರ್, 17.6 ಓಮ್. ಬಕೆಟ್‌ಗೆ ಇಳಿಬಿಡುವ 1500 ವ್ಯಾಟ್‌ನ ಕಾಯಿಲ್‌ಗೆ 6.5 ಆಂಪಿಯರ್, 35 ಓಮ್. 1000 ವ್ಯಾಟ್‌ನದಾದರೆ 53 ಓಮ್.

ಚೀಟಿಯಲ್ಲಿ 230ರ ಬದಲು 240 ವೋಲ್ಟ್ ಎಂದು ಅಚ್ಚಾಗಿದ್ದರೆ ಎಚ್ಚರ. 240ಕ್ಕೆ 2000 ವ್ಯಾಟ್ ಎಂದರೆ ರೋಧ 28.8 ಓಮ್, ನಮ್ಮ 230ರಲ್ಲಿ ಅದು ಕೊಡುವುದು 1840 ವ್ಯಾಟ್‌ಗಿಂತ ತುಸು ಕಡಿಮೆ. ಇದು ದೋಷವಲ್ಲ, ಚೀಟಿಯ ಲೆಕ್ಕ. ಅಲ್ಲದೆ ಕಾಯಿಸುವ ಉಪಕರಣಗಳ ವ್ಯಾಟ್‌ನಲ್ಲಿ ಮೇಲಕ್ಕೆ ಶೇ 5, ಕೆಳಕ್ಕೆ ಶೇ 10ರಷ್ಟು ಏರುಪೇರನ್ನು ಮಾನದಂಡವೇ ಒಪ್ಪುತ್ತದೆ. ಹಾಗಾಗಿ 2000 ವ್ಯಾಟ್‌ನ ಕಾಯಿಲ್ ಹೊಸದಿರುವಾಗಲೇ 25ರಿಂದ 29 ಓಮ್ ನಡುವೆ ಎಲ್ಲಿ ಬೇಕಾದರೂ ಇರಬಹುದು. 27.3 ಬಂತು ಎಂದು ಗಾಬರಿಯಾಗಿ ಅಂಗಡಿಗೆ ಓಡಬೇಕಾಗಿಲ್ಲ.

ಕಾಯಿಲ್‌ನ ಒಳಗಿರುವುದು ನಿಕ್ರೋಮ್ ತಂತಿ. ಅದರ ರೋಧ ಬಿಸಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ತಣ್ಣಗಿರುವಾಗ ಓಮ್ ಮೀಟರ್‌ನಲ್ಲಿ ಸಿಕ್ಕ ಸಂಖ್ಯೆಯೂ ಉರಿಯುವಾಗ ವೋಲ್ಟ್ ಮತ್ತು ಆಂಪಿಯರ್‌ನಿಂದ ಲೆಕ್ಕ ಹಾಕಿದ ಸಂಖ್ಯೆಯೂ ಹತ್ತಿರ ಹತ್ತಿರ ಬರಬೇಕು. ಹಳೆಯ ತಂತಿ ಬಲ್ಬಿನಲ್ಲಿ ಇದು ನಡೆಯುವುದಿಲ್ಲ. 100 ವ್ಯಾಟ್‌ನ ಬಲ್ಬ್ ಉರಿಯುವಾಗ 529 ಓಮ್. ಆರಿಸಿ ತಣ್ಣಗಾದ ಮೇಲೆ ಅಳೆದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ತೋರಿಸುತ್ತದೆ, ಏಕೆಂದರೆ ಟಂಗ್‌ಸ್ಟನ್ ಬಿಸಿಯಾದಂತೆ ಅದರ ರೋಧ ವಿಪರೀತ ಏರುತ್ತದೆ. ಎಲ್‌ಇಡಿ ಬಲ್ಬಿಗಂತೂ ಈ ಲೆಕ್ಕವನ್ನು ಹಚ್ಚಲೇಬೇಡಿ. ಅದರೊಳಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕುಳಿತು ತನಗೆ ಬೇಕಾದಷ್ಟನ್ನು ತಾನೇ ಎಳೆದುಕೊಳ್ಳುತ್ತದೆ.

ಅಳೆಯುವಾಗ ಕೈ ಹೋಗಬಾರದ ಕಡೆ

230 ವೋಲ್ಟ್ ಮೇಲೆ ಕೆಲಸ ಮಾಡಿ ಅಭ್ಯಾಸವಿಲ್ಲದವರು ಗೀಸರ್‌ನ ಮುಚ್ಚಳ ತೆಗೆದು ಚಾಲೂ ಇರುವಾಗ ಒಳಗೆ ಮೀಟರ್‌ನ ಪ್ರೋಬ್ (ಅಳೆಯುವ ಮೊನೆ) ಇಡಬಾರದು. ಬಚ್ಚಲು ಒದ್ದೆ ಜಾಗ. ಬರಿಗಾಲಲ್ಲಿ ನಿಂತು ಮಾಡುವ ಕೆಲಸವಲ್ಲ. ಅದಕ್ಕೊಂದು ಸುಲಭ ಉಪಾಯವಿದೆ. ಗೀಸರ್‌ನ 16 ಆಂಪಿಯರ್ ಸಾಕೆಟ್ ಇರುವ ಅದೇ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಇನ್ನೊಂದು ಸಣ್ಣ ಸಾಕೆಟ್ ಇರುತ್ತದೆ. ಎರಡಕ್ಕೂ ಒಂದೇ ತಂತಿಯಿಂದ ಸಂಪರ್ಕವಿದ್ದರೆ, ಗೀಸರ್ ಉರಿಯುತ್ತಿರುವಾಗ ಆ ಸಣ್ಣ ಸಾಕೆಟ್‌ನಲ್ಲಿ ಸಿಗುವ ವೋಲ್ಟೇಜ್ ಗೀಸರ್‌ಗೆ ಸಿಗುತ್ತಿರುವ ವೋಲ್ಟೇಜೇ. ಬೋರ್ಡ್‌ನಿಂದ ಗೀಸರ್‌ವರೆಗಿನ ಒಂದೂವರೆ ಮೀಟರ್ ವೈರ್‌ನಲ್ಲಿ ಕಳೆದುಹೋಗುವುದು ನಗಣ್ಯ, ಪ್ಲಗ್ ಕರಗಿ ಕಪ್ಪಾಗಿಲ್ಲದಿದ್ದರೆ.

ಆಂಪಿಯರ್‌ಗೆ, ತಂತಿಯನ್ನು ಕತ್ತರಿಸದೆ ಹೊರಗಿನಿಂದಲೇ ದವಡೆಯಲ್ಲಿ ಹಿಡಿದು ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಅಂಗಡಿಯವರು ಇದನ್ನು ಟಾಂಗ್ ಟೆಸ್ಟರ್ ಎಂದೂ ಕರೆಯುತ್ತಾರೆ. ಸಾಮಾನ್ಯ ಮಲ್ಟಿಮೀಟರ್‌ನ 10 ಆಂಪಿಯರ್ ತೂತಿಗೆ ಪ್ರೋಬ್ ಚುಚ್ಚಿ ಗೀಸರ್ ಪ್ರವಾಹ ಅಳೆಯಲು ಹೋಗಬೇಡಿ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಪ್ರೋಬ್ ಅಲ್ಲೇ ಉಳಿದಿರುವುದನ್ನು ಮರೆತು ಮುಂದೆ ವೋಲ್ಟ್ ಅಳೆಯಲು ಹೋದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಕ್ಲ್ಯಾಂಪ್ ಹಿಡಿಯಬೇಕಾದ್ದು ಫೇಸ್ ಅಥವಾ ನ್ಯೂಟ್ರಲ್, ಯಾವುದಾದರೂ ಒಂದೇ ತಂತಿಯನ್ನು. ಇಡೀ ಕೇಬಲನ್ನು ಹಿಡಿದರೆ ಹೋಗುವುದೂ ಬರುವುದೂ ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. ಒಳ್ಳೆಯ ಗೀಸರ್‌ಗೆ ‘ಕರೆಂಟೇ ಎಳೆಯುತ್ತಿಲ್ಲ’ ಎಂಬ ತೀರ್ಪು ಬರುವುದು ಬಹುಪಾಲು ಹೀಗೆಯೇ. ಮುಖ್ಯ ಬೋರ್ಡ್‌ನಲ್ಲಿ ಗೀಸರ್‌ನ ಎಂಸಿಬಿಯಿಂದ (ಪ್ರವಾಹ ಮೀರಿದರೆ ತಾನೇ ಆರುವ ಸ್ವಿಚ್) ಹೊರಡುವ ತಂತಿ ಬಿಡಿಯಾಗಿ ಸಿಗುತ್ತದೆ, ಅಲ್ಲಿ ಹಿಡಿಯಿರಿ.

ಎರಡೂ ಅಳತೆಯನ್ನು ಒಂದೇ ಹೊತ್ತಿಗೆ ತೆಗೆಯಬೇಕು ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಆರಕ್ಕೆ ಇರುವ ವೋಲ್ಟೇಜ್ ಏಳಕ್ಕೆ ಇರುವುದಿಲ್ಲ. ವೋಲ್ಟನ್ನು ಈಗ ಅಳೆದು, ಚಹಾ ಕುಡಿದು ಬಂದು ಆಂಪಿಯರ್ ಅಳೆದರೆ ಎರಡನ್ನೂ ಸೇರಿಸಿ ಹುಟ್ಟುವ ಓಮ್ ಯಾವ ಕಾಯಿಲ್‌ನದೂ ಆಗಿರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ತೋಟದ ಮನೆ

ಅಲ್ಲಿಯ ಬಚ್ಚಲು ಹಿಂದಿನ ಕಾಲದಂತೆ ಮನೆಯಿಂದ ಬೇರೆಯಾಗಿದೆ. ಹಂಡೆ ಒಲೆಯ ಜಾಗದಲ್ಲಿ 15 ಲೀಟರ್‌ನ, 2000 ವ್ಯಾಟ್‌ನ ಗೀಸರ್ ಬಂದಿದೆ. ಮುಖ್ಯ ಬೋರ್ಡ್‌ನಿಂದ ಬಚ್ಚಲಿಗೆ ಸುಮಾರು 60 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದಿದ್ದಾರೆ. ಕಾಯಿಲ್ ಮತ್ತು ಥರ್ಮೋಸ್ಟಾಟ್ ಎರಡೂ ಬದಲಾಗಿದ್ದವು. ಆದರೂ ಮನೆಯ ಯಜಮಾನಿ ಅಮ್ಮನ ದೂರು ಹಾಗೆಯೇ ಇತ್ತು: ‘ಇದಕ್ಕಿಂತ ನಮ್ಮ ಹಂಡೆಯೇ ಬೇಗ ಕಾಯುತ್ತಿತ್ತು.’

ಅಳತೆಗಳು ಹೀಗಿದ್ದವು. ಗೀಸರ್ ಆರಿಸಿದಾಗ ಮುಖ್ಯ ಬೋರ್ಡ್‌ನಲ್ಲಿ 226 ವೋಲ್ಟ್, ಬಚ್ಚಲಿನಲ್ಲೂ 226. ಇಲ್ಲಿಗೇ ನಿಲ್ಲಿಸುವವರು ‘ವೋಲ್ಟೇಜ್ ಸರಿಯಾಗಿದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಗೀಸರ್ ಹಾಕಿದ ಮೇಲೆ ಮುಖ್ಯ ಬೋರ್ಡ್‌ನಲ್ಲಿ 220, ಬಚ್ಚಲಿನ ಬೋರ್ಡ್‌ನಲ್ಲಿ 196. ಆಂಪಿಯರ್ 7.4.

ಮೊದಲು ಓಮ್: 196 ಭಾಗಿಸು 7.4, ಅಂದರೆ 26.5. ಕಾಯಿಲ್ ಅಚ್ಚುಕಟ್ಟಾಗಿದೆ. ಅದನ್ನು ಬದಲಿಸಿದ್ದು ವ್ಯರ್ಥ ಎಂಬುದು ಇಷ್ಟರಲ್ಲೇ ಗೊತ್ತಾಯಿತು. ನಂತರ ವ್ಯಾಟ್: 196 ಗುಣಿಸು 7.4, ಅಂದರೆ 1450. ಎರಡು ಸಾವಿರ ಕೊಡಬೇಕಾದ್ದು ಒಂದೂವರೆ ಸಾವಿರವನ್ನೂ ಮುಟ್ಟುತ್ತಿಲ್ಲ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 2510 ಕಿಲೋಜೂಲ್ ಬೇಕು. 2000 ವ್ಯಾಟ್‌ನಲ್ಲಿ ಅದು 21 ನಿಮಿಷದ ಕೆಲಸ. 1450ರಲ್ಲಿ 29 ನಿಮಿಷ. ಅಮ್ಮನ ದೂರು ನಿಜವಾಗಿತ್ತು.

ಈಗ ಕಳೆದುಹೋದ ವೋಲ್ಟ್‌ಗಳನ್ನು ಹುಡುಕಬೇಕು. ಮುಖ್ಯ ಬೋರ್ಡ್‌ನಿಂದ ಬಚ್ಚಲಿನವರೆಗೆ 220ರಿಂದ 196ಕ್ಕೆ ಇಳಿದದ್ದು 24 ವೋಲ್ಟ್. ಅದೇ 7.4 ಆಂಪಿಯರ್‌ನಿಂದ ಭಾಗಿಸಿದರೆ ಆ ದಾರಿಯ ರೋಧ 3.24 ಓಮ್. ತಂತಿಯೊಂದೇ ಇದ್ದಿದ್ದರೆ ಎಷ್ಟಿರಬೇಕಿತ್ತು? ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರ್ ಒಂದಕ್ಕೆ ಸುಮಾರು 0.0172 ಓಮ್. ಹೋಗಲು 60, ಬರಲು 60, ಒಟ್ಟು 120 ಮೀಟರ್. ಬರುವ ನ್ಯೂಟ್ರಲ್ ತಂತಿಯನ್ನು ಲೆಕ್ಕದಲ್ಲಿ ಬಿಡುವವರೇ ಹೆಚ್ಚು. 120ನ್ನು 0.0172ರಿಂದ ಗುಣಿಸಿ 1.5ರಿಂದ ಭಾಗಿಸಿದರೆ 1.38 ಓಮ್. ಇರುವುದು 3.24. ಉಳಿದ 1.86 ಓಮ್‌ಗೆ ತಂತಿ ಹೊಣೆಯಲ್ಲ. ಅದು ಯಾವುದೋ ಜಾಯಿಂಟ್‌ನಲ್ಲಿ ಕುಳಿತಿದೆ.

ಆ 1.86 ಓಮ್ ಎಷ್ಟು ಬಿಸಿ ಮಾಡುತ್ತದೆ ಎಂಬುದನ್ನೂ ನೋಡಿ. ಆಂಪಿಯರ್‌ನ ವರ್ಗ ಗುಣಿಸು ಓಮ್: 7.4ರ ವರ್ಗ 54.8, ಗುಣಾಕಾರ ಮಾಡಿದರೆ 102 ವ್ಯಾಟ್. ರೇಡಿಯೋ ರಿಪೇರಿ ಅಂಗಡಿಯ 25 ವ್ಯಾಟ್‌ನ ಬೆಸುಗೆ ಕಡ್ಡಿ ನಾಲ್ಕನ್ನು ಒಟ್ಟಿಗೆ ಕಟ್ಟಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಬಿಟ್ಟಂತೆ. ನೀರು ತಡವಾಗಿ ಕಾಯುವುದು ಇಲ್ಲಿ ಸಣ್ಣ ವಿಷಯ. ಬೆಂಕಿ ಹೊತ್ತಿಕೊಳ್ಳದೆ ಇದ್ದದ್ದು ದೊಡ್ಡದು.

ಜಾಗ ಹಿಡಿಯಲು ಗೀಸರ್ ಉರಿಯುತ್ತಿರುವಾಗಲೇ ಪ್ರತಿ ಜಾಯಿಂಟ್‌ನ ಆಚೆ ಈಚೆ ವೋಲ್ಟ್ ಅಳೆಯಬೇಕು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಅಲ್ಲ, ಒಂದೇ ತಂತಿಯ ಎರಡು ಬದಿಗೆ: ಕನೆಕ್ಟರ್‌ಗೆ ಒಳಬರುವ ಫೇಸ್ ಮೇಲೆ ಒಂದು ಪ್ರೋಬ್, ಹೊರಹೋಗುವ ಫೇಸ್ ಮೇಲೆ ಇನ್ನೊಂದು. ಗಟ್ಟಿ ಜಾಯಿಂಟ್‌ನಲ್ಲಿ ಕೆಲವು ಮಿಲಿವೋಲ್ಟ್ ಬರುತ್ತದೆ, ಸೊನ್ನೆಯೆಂದೇ ಹೇಳಬಹುದು. ಈ ಮನೆಯಲ್ಲಿ ಸೂರಿನ ಕೆಳಗಿನ ಜಂಕ್ಷನ್ ಬಾಕ್ಸ್‌ನೊಳಗೆ ನ್ಯೂಟ್ರಲ್ ಕನೆಕ್ಟರ್‌ನ ಎರಡು ಬದಿಗೆ 14 ವೋಲ್ಟ್‌ಗೆ ಹತ್ತಿರ ಬಂತು. ಮಲೆನಾಡಿನ ಮಳೆ, ಡಬ್ಬಿಯೊಳಗೆ ಇರುವೆಯ ಗೂಡು, ಸಡಿಲವಾದ ಸ್ಕ್ರೂ, ಕಿಲುಬು ಹಿಡಿದ ತಾಮ್ರ. ಹೊರಗಿನಿಂದ ನೋಡಿದರೆ ಇನ್ಸುಲೇಶನ್ ಟೇಪ್ ಸುತ್ತಿ ಚೆಂದವಾಗಿಯೇ ಇತ್ತು.

ಇಲ್ಲಿ ಓಮ್ ಮೀಟರನ್ನು ನಂಬಿದರೆ ಕೆಟ್ಟಿರಿ. ಮೇನ್ ಆರಿಸಿ, ಆ ಕನೆಕ್ಟರ್‌ನ ಆಚೆ ಈಚೆ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಅಳೆದರೆ ಕೆಲವೊಮ್ಮೆ 0.4 ಓಮ್ ತೋರಿಸುತ್ತದೆ. ಅದರಲ್ಲಿ ಪ್ರೋಬ್ ವೈರ್‌ನ ಪಾಲೇ ಅರ್ಧದಷ್ಟಿರುತ್ತದೆ. ಮೀಟರ್ ಹರಿಸುವುದು ಮಿಲಿಆಂಪಿಯರ್ ಲೆಕ್ಕದ ಪ್ರವಾಹ. ಅಷ್ಟಕ್ಕೆ ಕಿಲುಬಿನ ಒಂದು ಎಳೆಯೂ ದಾರಿ ಕೊಡುತ್ತದೆ. ಏಳೆಂಟು ಆಂಪಿಯರ್ ಹರಿದು ಬಿಸಿಯಾದಾಗಲೇ ಅದರ ನಿಜಬಣ್ಣ ಹೊರಬೀಳುವುದು. ಜಾಯಿಂಟ್‌ನ ದೋಷವನ್ನು ಹೊರೆ (ಲೋಡ್) ಹಾಕಿಯೇ, ಅಂದರೆ ಗೀಸರ್ ಉರಿಯುವಾಗಲೇ, ಹಿಡಿಯಬೇಕು. ಕಾಯಿಲ್‌ನದಾದರೆ ಹೊರೆ ಇಲ್ಲದೆಯೂ ಹಿಡಿಯಬಹುದು.

ತಂತಿಯ ಕೆಟ್ಟ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ ಬಿಗಿ ಮಾಡಿದರೆ ದಾರಿಯ ರೋಧ 1.38ಕ್ಕೆ ಇಳಿಯುತ್ತದೆ. ಆಗ ಪ್ರವಾಹ 7.9 ಆಂಪಿಯರ್, ಕಾಯಿಲ್‌ಗೆ 209 ವೋಲ್ಟ್, ಸುಮಾರು 1650 ವ್ಯಾಟ್. ಇಡೀ ದಾರಿಗೆ 4 ಚದರ ಮಿಲಿಮೀಟರ್ ತಂತಿ ಹೊಸದಾಗಿ ಎಳೆದರೆ 1750 ವ್ಯಾಟ್. ಜಾಯಿಂಟ್ ಸರಿಪಡಿಸಲು ಹತ್ತಿಪ್ಪತ್ತು ರೂಪಾಯಿ ಸಾಮಾನು. ದಪ್ಪ ತಂತಿಗೆ ಸಾವಿರಗಟ್ಟಲೆ. ನನ್ನ ಮಟ್ಟಿಗೆ, ಜಾಯಿಂಟ್ ಮಾತ್ರ ಮಾಡಿ ನೂರು ವ್ಯಾಟ್ ಬಿಟ್ಟುಕೊಡುವುದು ತಪ್ಪಲ್ಲ. ಆದರೆ ಅದೇ ತಂತಿಗೆ ನಾಳೆ ವಾಷಿಂಗ್ ಮೆಷಿನ್ ಕೂಡ ಸೇರುವುದಾದರೆ ಈಗಲೇ ಎಳೆಸಿಕೊಳ್ಳುವುದು ಒಳ್ಳೆಯದು.

ಆಂಪಿಯರ್ ಸೊನ್ನೆ, ಅಥವಾ ಹೆಚ್ಚು

ಸಾಕೆಟ್‌ನಲ್ಲಿ 225 ವೋಲ್ಟ್ ಇದೆ, ಆಂಪಿಯರ್ ಮಾತ್ರ ಸೊನ್ನೆ. ಆಗ ದಾರಿ ಎಲ್ಲೋ ತುಂಡಾಗಿದೆ. ಕಾಯಿಲ್ ಒಳಗೋ, ಥರ್ಮೋಸ್ಟಾಟ್‌ನಲ್ಲೋ, ಅತಿ ಬಿಸಿಯಾದರೆ ಕತ್ತರಿಸುವ ಕಟ್‌ಔಟ್‌ನಲ್ಲೋ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕಾಯಿಲ್‌ನ ಎರಡೂ ತಂತಿ ಬಿಡಿಸಿ ಓಮ್ ಅಳೆಯಿರಿ. 26ರ ಆಸುಪಾಸು ಬಂದರೆ ಕಾಯಿಲ್ ಬದುಕಿದೆ. ಮೀಟರ್ ಏನನ್ನೂ ತೋರಿಸದಿದ್ದರೆ ಸತ್ತಿದೆ. ಕಾಯಿಲ್ ಬದುಕಿದ್ದರೆ ಥರ್ಮೋಸ್ಟಾಟ್‌ನ ಎರಡು ತುದಿಗೆ ಅಳೆಯಿರಿ; ನೀರು ತಣ್ಣಗಿರುವಾಗ ಅದು ಸೊನ್ನೆ ಓಮ್ ತೋರಿಸಬೇಕು. ಕಟ್‌ಔಟ್‌ನ ಸಣ್ಣ ಗುಂಡಿಯನ್ನು ಒಮ್ಮೆ ಒತ್ತಿ ನೋಡಲು ಮರೆಯಬೇಡಿ. ಗುಂಡಿ ಒತ್ತಿದ ಮೇಲೆ ಕೆಲಸ ಮಾಡಿ, ವಾರದೊಳಗೆ ಮತ್ತೆ ಹಾರಿದರೆ ಥರ್ಮೋಸ್ಟಾಟ್ ಅಂಟಿಕೊಳ್ಳುತ್ತಿದೆ ಎಂದರ್ಥ, ಅದನ್ನು ಬದಲಿಸಲೇಬೇಕು.

ಕಡೂರು, ತರೀಕೆರೆ ಕಡೆಯ ಕೊಳವೆಬಾವಿ ನೀರಿನವರು ಉಪ್ಪು ಕಟ್ಟಿದ್ದರಿಂದ ಕಾಯಿಲ್ ‘ವೀಕ್’ ಆಗಿದೆ ಎನ್ನುತ್ತಾರೆ. ಉಪ್ಪಿನ ಪದರ ತಂತಿಯ ರೋಧವನ್ನು ಮುಟ್ಟುವುದಿಲ್ಲ, ವ್ಯಾಟ್ ಕೂಡ ಇಳಿಯುವುದಿಲ್ಲ. ಅಳೆದು ನೋಡಿ, ಬಿಳಿ ಕವಚ ಹೊತ್ತ ಕಾಯಿಲ್ ಕೂಡ ತನ್ನ 26 ಓಮ್‌ನಲ್ಲೇ ಇರುತ್ತದೆ. ಉಪ್ಪು ಮಾಡುವ ಹಾನಿ ಬೇರೆ: ಶಾಖ ನೀರಿಗೆ ಹೋಗಲು ತಡವಾಗಿ ಕಾಯಿಲ್‌ನ ಮೈ ಅತಿಯಾಗಿ ಬಿಸಿಯಾಗುತ್ತದೆ, ಕೊನೆಗೊಂದು ದಿನ ಒಡೆಯುತ್ತದೆ. ಅಲ್ಲಿಯವರೆಗೆ ಕಾಯಿಲ್ ಅರ್ಧ ಕೆಲಸ ಮಾಡುತ್ತಿರುತ್ತದೆ ಎಂಬುದು ಸುಳ್ಳು. ಒಂದೇ ಸುರುಳಿಯ ಕಾಯಿಲ್ ಸಾಮಾನ್ಯವಾಗಿ ಒಂದೋ ಪೂರಾ ಇದೆ, ಇಲ್ಲವೇ ಪೂರಾ ಇಲ್ಲ.

ಓಮ್ ಲೆಕ್ಕಕ್ಕಿಂತ ಕಡಿಮೆ ಬಂದರೆ, ಉದಾಹರಣೆಗೆ 222 ವೋಲ್ಟ್‌ಗೆ 11.7 ಆಂಪಿಯರ್, ಅಂದರೆ 19 ಓಮ್, ಗೀಸರನ್ನು ಕೂಡಲೇ ಆರಿಸಿ. ಕಾಯಿಲ್ ಒಳಗೆ ಒಡೆದು ತಂತಿ ಹೊರಗಿನ ಲೋಹದ ಕೊಳವೆಗೆ ತಾಗಿರಬಹುದು. ಪ್ರವಾಹ ನೆಲಕ್ಕೆ ಸೋರುತ್ತಿರುತ್ತದೆ. ಕ್ಲ್ಯಾಂಪ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿಯುವ ಆ ತಪ್ಪು ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸೊನ್ನೆ ಬರಬೇಕಾದ ಕಡೆ 2 ಆಂಪಿಯರ್ ಬಂದರೆ ಅಷ್ಟೂ ಅರ್ತ್‌ಗೆ ಹೋಗುತ್ತಿದೆ. ಆದರೆ ಮನುಷ್ಯನನ್ನು ಕೊಲ್ಲಲು ಸಾಕಾಗುವ ಕೆಲವೇ ಹತ್ತು ಮಿಲಿಆಂಪಿಯರ್‌ನ ಸೋರಿಕೆ ಸಾಮಾನ್ಯ ಕ್ಲ್ಯಾಂಪ್‌ಗೆ ಕಾಣುವುದೇ ಇಲ್ಲ. ಅದಕ್ಕೆಂದೇ 30 ಮಿಲಿಆಂಪಿಯರ್‌ಗೆ ಹಾರುವ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ತಾನೇ ಆರುವ ಸ್ವಿಚ್) ಇರುವುದು. ಅದು ಪದೇ ಪದೇ ಹಾರುತ್ತದೆ ಎಂದು ತೆಗೆಸಿಹಾಕಿದ ಮನೆಗಳೂ ಇವೆ. ಹಾರುವುದು ಆರ್‌ಸಿಸಿಬಿಯ ದೋಷವಲ್ಲ. ಕಾಯಿಲ್‌ಗೂ ಟ್ಯಾಂಕ್‌ಗೂ ನಡುವೆ 500 ವೋಲ್ಟ್‌ನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಕಾಯಿಲ್ ತೆಗೆದುಬಿಡಿ. ಬ್ಯಾಟರಿಯ ಮಲ್ಟಿಮೀಟರ್ ಇಲ್ಲಿ ‘ಸರಿಯಾಗಿದೆ’ ಎಂದರೂ ನಂಬಬಾರದು.

ದೋಷ ಬೀದಿಯಲ್ಲಿದ್ದರೆ

ಓಮ್ 26.5, ಮುಖ್ಯ ಬೋರ್ಡ್‌ಗೂ ಬಚ್ಚಲಿಗೂ ವ್ಯತ್ಯಾಸ ನಾಲ್ಕೈದು ವೋಲ್ಟ್ ಅಷ್ಟೇ, ಆದರೆ ಮುಖ್ಯ ಬೋರ್ಡ್‌ನಲ್ಲೇ ಇರುವುದು 180. ಕಾಯಿಲ್‌ಗೆ 180 ಸಿಕ್ಕರೂ ಅದರ ಸಾಮರ್ಥ್ಯ 1225 ವ್ಯಾಟ್‌ಗೆ ಕುಸಿಯುತ್ತದೆ. ವೋಲ್ಟೇಜ್ ಇಳಿದದ್ದು ಶೇ 22ರಷ್ಟು; ವ್ಯಾಟ್ ಇಳಿದದ್ದು ಶೇ 39ರಷ್ಟು. ವೋಲ್ಟ್ ಇಳಿದಾಗ ಆಂಪಿಯರ್ ಕೂಡ ಜೊತೆಗೇ ಇಳಿಯುವುದರಿಂದ ನಷ್ಟ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. ಆ 21 ನಿಮಿಷ ಈಗ 34.

ಇದು ನಿಮ್ಮ ಸರ್ವಿಸ್ ವೈರ್‌ನ ದೋಷವೋ ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್) ಕಡೆಯದೋ ಎಂದು ತಿಳಿಯಲು ಮನೆಯ ಎಲ್ಲವನ್ನೂ ಆರಿಸಿ ಮುಖ್ಯ ಬೋರ್ಡ್‌ನಲ್ಲಿ ಅಳೆಯಿರಿ. ಏನೂ ಉರಿಯದಿದ್ದರೂ 184 ಇದ್ದರೆ ನಿಮ್ಮ ಹೊರೆಗೂ ಅದಕ್ಕೂ ಸಂಬಂಧವಿಲ್ಲ. ಟಿಸಿಯ ಮೇಲೆ ಹೊರೆ ಹೆಚ್ಚಾಗಿದೆ ಅಥವಾ ನೀವು ಉದ್ದದ ಲೈನಿನ ಕೊನೆಯಲ್ಲಿದ್ದೀರಿ. ಆರಿಸಿದಾಗ 226 ಇದ್ದು ಗೀಸರ್ ಹಾಕಿದ ಕೂಡಲೇ 200ಕ್ಕೆ ಬಿದ್ದರೆ ಕಂಬದಿಂದ ಮೀಟರ್‌ವರೆಗಿನ ತಂತಿಯಲ್ಲೋ ಕಂಬದ ಮೇಲಿನ ಜಾಯಿಂಟ್‌ನಲ್ಲೋ ದೋಷವಿದೆ. ಕಂಬದ ಮೇಲೆ ಅಲ್ಯೂಮಿನಿಯಂ ತಂತಿಗೆ ತಾಮ್ರವನ್ನು ಬರಿದೇ ಸುತ್ತಿದ ಜಾಯಿಂಟ್‌ಗಳು ಮಳೆಗಾಲ ಕಳೆಯುವಷ್ಟರಲ್ಲಿ ಕೊರೆದುಹೋಗಿರುತ್ತವೆ. ಅದನ್ನು ನೀವು ಮುಟ್ಟುವಂತಿಲ್ಲ. ಅದು ವಿದ್ಯುತ್ ಕಂಪನಿಯ ಕೆಲಸ: ಚಿಕ್ಕಮಗಳೂರಿಗೆ ಮೆಸ್ಕಾಂ, ಪಕ್ಕದ ಹಾಸನಕ್ಕೆ ಸೆಸ್ಕ್. ಎರಡಕ್ಕೂ ದೂರು ಹೇಳುವ ಸಂಖ್ಯೆ 1912. ‘ವೋಲ್ಟೇಜ್ ಇಲ್ಲ’ ಎನ್ನುವ ಬದಲು ‘ಹೊರೆ ಇಲ್ಲದಾಗ 226, 7 ಆಂಪಿಯರ್ ಹೊರೆಗೆ 200’ ಎಂದು ಹೇಳಿದರೆ ಲೈನ್‌ಮನ್ ಏಣಿ ತೆಗೆದುಕೊಂಡೇ ಬರುತ್ತಾರೆ. 230ರ ಮೇಲೆ ಕೆಳಗೆ ಶೇ 6, ಅಂದರೆ 216ರಿಂದ 244, ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ.

ಗೀಸರ್ ಹಾಕಿದಾಗ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯ ದೀಪ ಪ್ರಖರವಾದರೆ ಅಳತೆ, ಲೆಕ್ಕ ಎಲ್ಲವನ್ನೂ ಬಿಟ್ಟು ಮೇನ್ ಸ್ವಿಚ್ ಆರಿಸಿ. ಮೂರು ಫೇಸ್ ಸಂಪರ್ಕದ ಮನೆಯಲ್ಲಿ ನ್ಯೂಟ್ರಲ್ ಕಿತ್ತುಹೋಗಿರುವ ಲಕ್ಷಣ ಅದು. ಒಂದು ಫೇಸ್‌ನಲ್ಲಿ 280 ವೋಲ್ಟ್ ಬಂದರೆ ಅಲ್ಲಿರುವ ಟಿವಿ, ಫ್ರಿಜ್ ಉಳಿಯುವುದಿಲ್ಲ.

ಕಡಿಮೆ ವೋಲ್ಟೇಜ್‌ಗೆ ಗೀಸರ್ ಮುಂದೆ ಸ್ಟೆಬಿಲೈಸರ್ ಇಡಿಸುವವರಿದ್ದಾರೆ. 180ನ್ನು 230ಕ್ಕೆ ಏರಿಸಿ 2000 ವ್ಯಾಟ್ ಕೊಡಲು ಅದು ಲೈನಿನಿಂದ 11 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ; ಸ್ಟೆಬಿಲೈಸರ್ ಇಲ್ಲದೆ ಎಳೆಯುತ್ತಿದ್ದುದು 6.8. ಲೈನಿನ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಪಕ್ಕದ ಮನೆಯವರಿಗೂ ಸೇರಿ. ಹದಿನೈದು ನಿಮಿಷ ಮೊದಲೇ ಗೀಸರ್ ಹಾಕುವುದು ಅದಕ್ಕಿಂತ ಅಗ್ಗ.

ಕ್ಲ್ಯಾಂಪ್ ಮೀಟರ್ ಇಲ್ಲದವರಿಗೆ

ಮನೆಯ ವಿದ್ಯುತ್ ಮೀಟರ್‌ನಲ್ಲಿ ಮಿಣುಕುವ ಕೆಂಪು ದೀಪವೊಂದಿದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರ್‌ನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. 3200 ಎಂದಿದೆ ಎಂದುಕೊಳ್ಳಿ. ಫ್ರಿಜ್ ಸೇರಿ ಉಳಿದೆಲ್ಲವನ್ನೂ ಆರಿಸಿ, ಗೀಸರ್ ಮಾತ್ರ ಹಾಕಿ, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು 60 ಮಿಣುಕು ಎಣಿಸಿ. ಪೂರ್ತಿ 2000 ವ್ಯಾಟ್ ಹೋಗುತ್ತಿದ್ದರೆ 34 ಸೆಕೆಂಡ್ ಸಾಕು. 60ನ್ನು 3200ರಿಂದ ಭಾಗಿಸಿ, 3600ರಿಂದ ಗುಣಿಸಿ, ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅದನ್ನು 1000ದಿಂದ ಗುಣಿಸಿ ವ್ಯಾಟ್ ಮಾಡಿ, ಮುಖ್ಯ ಬೋರ್ಡ್‌ನ ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಕೂಡ.

ಮೂಡಿಗೆರೆಯ ಆ ಮನೆಯಲ್ಲಿ ಇದೇ ಲೆಕ್ಕಕ್ಕೆ ಸುಮಾರು 41 ಸೆಕೆಂಡ್ ಬರುತ್ತದೆ, ಅಂದರೆ 1630 ವ್ಯಾಟ್. ಕಾಯಿಲ್‌ಗೆ ತಲುಪುತ್ತಿದ್ದುದು 1450. ನಡುವಿನ ಸುಮಾರು 180 ವ್ಯಾಟ್ ತಂತಿಯಲ್ಲೂ ಕಿಲುಬಿನಲ್ಲೂ ಉರಿದುಹೋಗುತ್ತಿತ್ತು. ಮೀಟರ್ ಅದಕ್ಕೂ ಮಿಣುಕುತ್ತದೆ, ಬಿಲ್ಲಿನಲ್ಲಿ ಅದೂ ಬರುತ್ತದೆ.

ತೋಟದ ಪಂಪ್‌ಸೆಟ್‌ಗೆ ಲೆಕ್ಕ ಬೇರೆ

ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂವರಳಿಸುವ ಮಳೆ) ಕೈಕೊಟ್ಟರೆ ರೊಬಸ್ಟಾ ಕಾಫಿ ತೋಟಗಳಲ್ಲಿ ಒಂದೇ ವಾರ ಎಲ್ಲರೂ ಸ್ಪ್ರಿಂಕ್ಲರ್ ಹಚ್ಚುತ್ತಾರೆ. ವೋಲ್ಟೇಜ್ ನೆಲಕಚ್ಚುವುದೂ ಆಗಲೇ, ಮೋಟಾರ್ ಸುಡುವುದೂ ಆಗಲೇ. ಗೀಸರ್‌ನಲ್ಲಿ ಕಲಿತ ಭಾಗಾಕಾರವನ್ನು ಇಲ್ಲಿಗೆ ತಂದರೆ ದಾರಿ ತಪ್ಪುತ್ತದೆ. 5 ಎಚ್‌ಪಿ ಮೋಟಾರ್ 415 ವೋಲ್ಟ್‌ನಲ್ಲಿ ಏಳೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ. ಭಾಗಿಸಿದರೆ 55 ಬರುತ್ತದೆ. ವೈಂಡಿಂಗ್‌ನ ರೋಧ ಮಾತ್ರ ಕೆಲವೇ ಓಮ್. ತಿರುಗುತ್ತಿರುವ ಮೋಟಾರ್ ಪ್ರವಾಹವನ್ನು ತಡೆಯುವುದು ತಂತಿಯ ರೋಧದಿಂದಲ್ಲ, ಬಹುಪಾಲು ಕಾಂತಕ್ಷೇತ್ರದಿಂದ. ವ್ಯಾಟ್‌ಗೂ ಬರಿ ಗುಣಾಕಾರ ಸಾಲದು: ವೋಲ್ಟ್, ಆಂಪಿಯರ್, ಮೂರು ಫೇಸ್‌ಗೆ ಬರುವ 1.73, ಜೊತೆಗೆ 0.8ರ ಸುತ್ತಮುತ್ತಲಿನ ಪವರ್ ಫ್ಯಾಕ್ಟರ್ (ಎಳೆದ ಪ್ರವಾಹದಲ್ಲಿ ಕೆಲಸಕ್ಕೆ ಬರುವ ಪಾಲು) ಎಲ್ಲವನ್ನೂ ಗುಣಿಸಬೇಕು. ಆಗ ಸುಮಾರು 4300 ವ್ಯಾಟ್ ಬರುತ್ತದೆ. ಅದರಲ್ಲಿ 3730 ದಂಡಕ್ಕೆ, ಉಳಿದದ್ದು ಮೋಟಾರಿನ ಬಿಸಿಗೆ.

ವೋಲ್ಟ್ ಇಳಿದರೆ ಗೀಸರ್‌ನ ಆಂಪಿಯರ್ ಇಳಿಯುತ್ತದೆ; ಮೋಟಾರಿನದು ಏರುತ್ತದೆ. ನೀರೆತ್ತುವ ಹೊರೆ ಹೆಚ್ಚುಕಡಿಮೆ ಹಾಗೆಯೇ ಇರುವುದರಿಂದ 340 ವೋಲ್ಟ್‌ನಲ್ಲಿ ಅದೇ ಮೋಟಾರ್ 9 ಆಂಪಿಯರ್‌ವರೆಗೂ ಎಳೆದೀತು. ಆಂಪಿಯರ್ ಮೀರಿದರೆ ಮೋಟಾರ್ ಆರಿಸುವ ಓವರ್‌ಲೋಡ್ ರಿಲೇಯ ಮುಳ್ಳನ್ನು ಮೇಲಕ್ಕೆ ತಿರುಗಿಸಿ ಓಡಿಸುವುದು ರಿವೈಂಡಿಂಗ್ ಅಂಗಡಿಗೆ ಮುಂಗಡ ಕೊಟ್ಟಂತೆಯೇ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಆಂಪಿಯರ್ ಸುಮಾರು 1.7 ಪಟ್ಟು ಆಗುತ್ತದೆ, ಮೋಟಾರ್ ಗುಂಯ್‌ಗುಡುತ್ತದೆ. ಕಂಡೆನ್ಸರ್ ಕಟ್ಟಿ ಎರಡು ಫೇಸ್‌ನಲ್ಲೇ ಓಡಿಸುವ ಜಾಣತನವನ್ನು ನಾನು ಒಪ್ಪುವುದಿಲ್ಲ.

ಪಂಪ್‌ಗೂ ಓಮ್ ಒಂದು ಕಡೆ ಕೆಲಸಕ್ಕೆ ಬರುತ್ತದೆ. ಸ್ಟಾರ್ಟರ್ ಆರಿಸಿ, ಮೇನ್ ಫ್ಯೂಸ್ ಕಿತ್ತು, ಮೋಟಾರ್‌ನ ಮೂರು ತಂತಿಗಳನ್ನು ಬಿಡಿಸಿ, ಒಂದು ಎರಡರ ನಡುವೆ, ಎರಡು ಮೂರರ ನಡುವೆ, ಮೂರು ಒಂದರ ನಡುವೆ ಅಳೆಯಿರಿ. ಎಷ್ಟು ಬಂತು ಎಂಬುದಕ್ಕಿಂತ ಮೂರೂ ಸಮವಾಗಿ ಬಂದವೇ ಎಂಬುದು ಮುಖ್ಯ. ಒಂದು ಜೋಡಿ ಕಣ್ಣಿಗೆ ಹೊಡೆಯುವಷ್ಟು ಕಡಿಮೆ ಬಂದರೆ ವೈಂಡಿಂಗ್‌ನ ಸುತ್ತುಗಳು ಒಂದಕ್ಕೊಂದು ತಾಗಿವೆ. ಹೆಚ್ಚು ಬಂದರೆ ಕೇಬಲ್ ಜಾಯಿಂಟ್ ನೋಡಿ. ಮೂರೂ ಸಮವಿದ್ದು, ವೋಲ್ಟೇಜ್ ಕೂಡ ಸರಿಯಿದ್ದು, ಓಡುವಾಗ ಮೂರರಲ್ಲೂ ಆಂಪಿಯರ್ ಎಂದಿಗಿಂತ ಕಡಿಮೆ ಬಂದರೆ ವಿದ್ಯುತ್ತಿನ ಕಡೆ ದೋಷವೇ ಇಲ್ಲ. ಪಂಪ್ ನೀರೆತ್ತುತ್ತಿಲ್ಲ. ಹಳ್ಳಕ್ಕೆ ಇಳಿದು ನೀರಲ್ಲಿ ಮುಳುಗಿದ ಪೈಪಿನ ತುದಿಯ ಫುಟ್‌ವಾಲ್ವ್ ಎತ್ತಿ ನೋಡಿ. ಜಾಲರಿಗೆ ಎಲೆ, ಕಸ ಮೆತ್ತಿಕೊಂಡಿದೆಯೋ ಅಥವಾ ಒಳಗಿನ ರಬ್ಬರ್ ಸವೆದು ಪೈಪಿನ ನೀರು ಇಳಿದುಹೋಗುತ್ತಿದೆಯೋ ಗೊತ್ತಾಗುತ್ತದೆ.